ವ್ಯಾಪಾರ ಜಾಸ್ತಿ, ಗಲ್ಲಾ ಖಾಲಿ: ರೇಟು ಏರಿಸಲೋ ಬೇಡವೋ?

ಪ್ರಶ್ನೆ: ಒಂಬತ್ತು ವರ್ಷದಿಂದ ಬ್ಯಾಗು ಹೊಲಿಯುವ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ನಾನು ಮತ್ತು ಇಬ್ಬರು ಕೆಲಸಗಾರರು. ಹೊಸ ಬ್ಯಾಗು ಮಾಡುತ್ತೇವೆ, ಹಳೇ ಬ್ಯಾಗಿಗೆ ಜಿಪ್ ಹಾಕಿಕೊಡುತ್ತೇವೆ. ವರ್ಷಕ್ಕೊಮ್ಮೆ ಒಂದು ಕಂಪನಿಯಿಂದ 200 ಬ್ಯಾಗಿನ ಆರ್ಡರ್ ಬರುತ್ತದೆ. ಕಳೆದ ವರ್ಷಕ್ಕಿಂತ ವ್ಯಾಪಾರ ಜಾಸ್ತಿಯೇ ಆಗಿದೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಮನೆ ಖರ್ಚಿಗೂ ಸಾಲ ಮಾಡುವ ಹಾಗಾಗಿದೆ. ಮೂರು ವರ್ಷದಿಂದ ರೇಟು ಏರಿಸಿಲ್ಲ. ಗಿರಾಕಿಗಳೂ ಕಷ್ಟದಲ್ಲಿದ್ದಾರೆ, ಏರಿಸಿದರೆ ಬಿಟ್ಟು ಹೋಗುತ್ತಾರೆ ಅನ್ನೋ ಭಯ. ಸ್ವಲ್ಪ ರಿಯಾಯಿತಿ ಕೊಟ್ಟು ಇನ್ನೂ ಜಾಸ್ತಿ ಮಾರಿದರೆ ಹೇಗೆ? ಇನ್ನೊಂದು ಮಷಿನ್ ತಗೊಂಡರೆ ಅನುಕೂಲವಾಗುತ್ತದಾ?

ಉತ್ತರ: ರಿಯಾಯಿತಿಯ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ. ಮಷಿನ್ ವಿಚಾರ ಕೊನೆಯಲ್ಲಿ ನೋಡೋಣ.

ನೀವು "ಮೂರು ವರ್ಷದಿಂದ ರೇಟು ಏರಿಸಿಲ್ಲ" ಅಂತ ಬರೆದಿದ್ದೀರಿ. ನಾನು ಅದನ್ನು ಬೇರೆ ಥರ ಓದುತ್ತೇನೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಮೂರು ವರ್ಷಕ್ಕೆ ಒಟ್ಟು ಶೇ 19 ಏರಿದ ಹಾಗೆ. ಆಗ ನಿಮ್ಮ ಕೈಗೆ ಬರುವ 100ಕ್ಕೆ ಹಳೇ ಲೆಕ್ಕದಲ್ಲಿ 84ರ ಬೆಲೆ. ಅಂದರೆ ನೀವು ರೇಟು ಏರಿಸದೆ ಕೂತಿಲ್ಲ, ಶೇ 16 ಇಳಿಸಿ ಕೂತಿದ್ದೀರಿ. ಯಾರೂ ಚೌಕಾಸಿ ಮಾಡಲಿಲ್ಲ, ಯಾರೂ ಕೇಳಲಿಲ್ಲ, ಸುಮ್ನೆ ಕೊಟ್ಟುಬಿಟ್ಟಿದ್ದೀರಿ. ಗಿರಾಕಿಗೆ ಅದು ಗೊತ್ತೂ ಆಗಿರುವುದಿಲ್ಲ.

ಈಗ ನಿಮ್ಮ ಅಂಗಡಿಯ ಲೆಕ್ಕಕ್ಕೆ ಬರೋಣ. ನಿಮ್ಮ ನಿಜವಾದ ಅಂಕಿ ನನ್ನ ಹತ್ತಿರ ಇಲ್ಲ. ಹಾಗಾಗಿ ಸುಲಭದ ಸಂಖ್ಯೆ ಹಿಡಿಯುತ್ತೇನೆ, ನೀವು ನಿಮ್ಮದನ್ನು ಹಾಕಿಕೊಂಡು ನೋಡಿ. ಒಂದು ಬ್ಯಾಗಿನ ರೇಟು 100 ಅಂದುಕೊಳ್ಳಿ. ಬಟ್ಟೆ, ಒಳಗಿನ ಲೈನಿಂಗ್, ಜಿಪ್, ಬಕಲ್, ಪಟ್ಟಿ, ದಾರ ಎಲ್ಲ ಸೇರಿ ಮಾಲಿನ ಖರ್ಚು 60. ಉಳಿದದ್ದು 40. ಬಾಡಿಗೆ, ಕರೆಂಟು, ಇಬ್ಬರ ಸಂಬಳ, ನಿಮ್ಮ ಸಂಬಳ, ಇವು ಬ್ಯಾಗು ಹೊಲಿದರೂ ಹೊಲಿಯದಿದ್ದರೂ ಬರುವ ಖರ್ಚು. ಇದನ್ನು ತಿಂಗಳಿಗೆ 6000 ಅನ್ನೋಣ. ನಿಮ್ಮ ಸಂಬಳ ಅಂದಾಗ ಹುಬ್ಬೇರಿಸಬೇಡಿ. ಅದನ್ನು ಖರ್ಚಿನಲ್ಲಿ ಬರೆಯದೆ "ಉಳಿದದ್ದೆಲ್ಲ ನಂದೇ" ಅಂದುಕೊಂಡಿದ್ದರೆ ಅಲ್ಲೇ ಮೊದಲ ತಪ್ಪು. ಅಂಗಡಿ ನಿಮಗೆ ಸಂಬಳ ಕೊಟ್ಟ ಮೇಲೆ ಉಳಿಯುವುದು ಲಾಭ.

ಮೂವರು ದಿನಕ್ಕೆ 8 ಗಂಟೆಯಂತೆ 25 ದಿನ ಕೆಲಸ ಮಾಡಿದರೆ 600 ಗಂಟೆ. ಆದರೆ ಸೂಜಿ, ಕತ್ತರಿ ನಿಜವಾಗಿ ಓಡುವುದು ಅಷ್ಟೂ ಹೊತ್ತಲ್ಲ. ಗಿರಾಕಿಯ ಜೊತೆ ಮಾತು, ಫೋನು, ಮಾಲು ತರಲು ಓಡಾಟ, ಬಾಬಿನ್ ಸುತ್ತುವುದು, ಕಸ ಗುಡಿಸುವುದು. ಇವೆಲ್ಲ ಕಳೆದು 400 ಗಂಟೆ ಸಿಕ್ಕರೆ ಪುಣ್ಯ. ಒಂದು ಬ್ಯಾಗಿಗೆ 2 ಗಂಟೆ ಹಿಡಿದರೆ ತಿಂಗಳಿಗೆ 200 ಬ್ಯಾಗು. ಬಂದದ್ದು 20,000. ಮಾಲಿಗೆ 12,000, ಅಂಗಡಿ ಖರ್ಚಿಗೆ 6000. ಲಾಭ 2000. ಚೆನ್ನಾಗಿಯೇ ಇದೆ, ಅಲ್ವಾ?

ಈಗ ಎಲ್ಲ ಖರ್ಚೂ ಶೇ 10 ಮಾತ್ರ ಏರಲಿ. ಮಾಲು 13,200, ಅಂಗಡಿ ಖರ್ಚು 6600, ಒಟ್ಟು 19,800. ರೇಟು ಹಾಗೇ ಇದ್ದರೆ ಲಾಭ 200. ಖರ್ಚು ಏರಿದ್ದು ಶೇ 10, ಲಾಭ ಕರಗಿದ್ದು ಶೇ 90. ಅಷ್ಟೇ ಬ್ಯಾಗು ಹೊಲಿದಿದ್ದೀರಿ, ಅಷ್ಟೇ ಬೆನ್ನು ನೋಯಿಸಿಕೊಂಡಿದ್ದೀರಿ. ಸಣ್ಣ ವ್ಯಾಪಾರದಲ್ಲಿ ಲಾಭದ ಪದರ ಇಷ್ಟು ತೆಳು ಇರುತ್ತದೆ ಅಂತ ಯಾರೂ ನಂಬುವುದಿಲ್ಲ. ಕಾಗದದ ಮೇಲೆ ಬರೆದಾಗಲೇ ಕಾಣುವುದು.

ಇದೇ ಲೆಕ್ಕವನ್ನು ರಿಯಾಯಿತಿಗೆ ಹಚ್ಚಿ. ಹೊಸ ಖರ್ಚಿನಲ್ಲಿ ಒಂದು ಬ್ಯಾಗಿನ ಮಾಲು 66. ನೀವು 100ರ ಬದಲು 90ಕ್ಕೆ ಮಾರಿದರೆ ಬ್ಯಾಗಿಗೆ ಉಳಿಯುವುದು 34 ಅಲ್ಲ, 24. ಈಗಿನಷ್ಟೇ ಹಣ ಉಳಿಯಬೇಕಾದರೆ 200ರ ಬದಲು 284 ಬ್ಯಾಗು ಮಾರಬೇಕು. ಅದಕ್ಕೆ 568 ಗಂಟೆ ಬೇಕು. ನಿಮ್ಮ ಹತ್ತಿರ ಇರುವುದು 400. ಗಿರಾಕಿಗಳು ಬಾಗಿಲಲ್ಲಿ ಸಾಲುಗಟ್ಟಿ ನಿಂತರೂ ನೀವು ಹೊಲಿದು ಕೊಡಲಾರಿರಿ. ರಿಯಾಯಿತಿ ಬೇಡ ಅಂದದ್ದು ಇದಕ್ಕೇ.

ಉಲ್ಟಾ ನೋಡಿ. 110 ಮಾಡಿದರೆ ಬ್ಯಾಗಿಗೆ 44 ಉಳಿಯುತ್ತದೆ. 155 ಬ್ಯಾಗು ಮಾರಿದರೆ ಈಗಿನ 200ರಷ್ಟೇ ಕೈಯಲ್ಲಿ ನಿಲ್ಲುತ್ತದೆ. ಅಂದರೆ 45 ಜನ ಬಿಟ್ಟು ಹೋದರೂ ನಿಮಗೆ ನಷ್ಟವಿಲ್ಲ, ಮೇಲಾಗಿ 90 ಗಂಟೆ ಬಿಡುವು ಸಿಗುತ್ತದೆ. ಶೇ 10 ಏರಿಸಿದ್ದಕ್ಕೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಹೋಗಿಬಿಡುತ್ತಾರಾ? ಹೋಗಲೂಬಹುದು. ಆದರೆ ಒಂಬತ್ತು ವರ್ಷದ ಗಿರಾಕಿಗಳು ಅಷ್ಟು ಸುಲಭಕ್ಕೆ ಹೋಗುವುದು ನಾನಂತೂ ಅಪರೂಪಕ್ಕೆ ನೋಡಿದ್ದೇನೆ. ಅವರು ಬಿಡುವುದು ಹೆಚ್ಚಾಗಿ ಕೆಲಸ ಕೆಟ್ಟಾಗ, ಇಲ್ಲವೇ ಹೇಳಿದ ದಿನಕ್ಕೆ ಕೊಡದಾಗ.

ಇನ್ನು ಆ 200 ಬ್ಯಾಗಿನ ಆರ್ಡರ್. ನಿಮ್ಮ ಪತ್ರ ಓದಿದಾಗ ನನ್ನ ಕಣ್ಣು ನಿಂತದ್ದು ಅಲ್ಲೇ. ದೊಡ್ಡ ಆರ್ಡರ್‌ಗೆ ಸಾಮಾನ್ಯವಾಗಿ ರೇಟು ಕಡಿಮೆ ಕೊಟ್ಟಿರುತ್ತಾರೆ, ನೀವೂ ಕೊಟ್ಟಿರುತ್ತೀರಿ. 85 ಅನ್ನೋಣ. 200 ಬ್ಯಾಗಿಗೆ 400 ಗಂಟೆ. ಅಂದರೆ ನಿಮ್ಮ ಇಡೀ ಒಂದು ತಿಂಗಳು. ಬರುವುದು 17,000, ಮಾಲಿಗೆ 13,200. ಉಳಿದ 3800ರಲ್ಲಿ ಅಂಗಡಿಯ 6600 ಖರ್ಚು ತೂಗಬೇಕು. 2800 ನಷ್ಟ. ಉಳಿದ ಹನ್ನೊಂದು ತಿಂಗಳು ತಲಾ 200ರಂತೆ ದುಡಿದ ಲಾಭ 2200. ಆ ಒಂದು ಆರ್ಡರ್ ಇಡೀ ವರ್ಷದ ಲಾಭ ನುಂಗಿ, ಮೇಲೆ 600 ಸಾಲ ಹೊರಿಸಿ ಹೋಗುತ್ತದೆ. ಮನೆ ಖರ್ಚಿಗೆ ಕೈಚಾಚುವ ಹಾಗಾದದ್ದು ಹೀಗೇ ಇರಬಹುದು. ತಮಾಷೆ ಏನೆಂದರೆ ಮೊದಲೂ ಅದು ನಷ್ಟದ ಆರ್ಡರ್ರೇ. ಹಳೇ ಖರ್ಚಿನಲ್ಲೂ 1000 ಕೈ ಬಿಡುತ್ತಿತ್ತು. ಆದರೆ ಆಗ ಉಳಿದ ತಿಂಗಳುಗಳ ಲಾಭ ಅದನ್ನು ಮುಚ್ಚಿಹಾಕುತ್ತಿತ್ತು. ನಾವು ದೊಡ್ಡ ಆರ್ಡರ್ ಬಂತು ಅಂತ ಖುಷಿಪಡುತ್ತಿದ್ದೆವು.

ಇದನ್ನು ಓದಿ ಆರ್ಡರ್ ಬೇಡ ಅಂತ ಫೋನ್ ಮಾಡಿಬಿಡಬೇಡಿ. ಕೆಲಸವೇ ಇಲ್ಲದ ತಿಂಗಳಲ್ಲಿ ಅದು ಬಂದರೆ ಲೆಕ್ಕ ಬೇರೆ. ಬಾಡಿಗೆ, ಸಂಬಳ ಹೇಗೂ ಕೊಡಲೇಬೇಕು. ಆಗ 3800 ಬಂದರೂ ಬರಲಿ, ಸೊನ್ನೆಗಿಂತ ಮೇಲು. ಕೈ ತುಂಬ ಕೆಲಸ ಇರುವ ತಿಂಗಳಲ್ಲಿ ಬಂದರೆ ಮಾತ್ರ ಅದು ಒಳ್ಳೇ ಕೆಲಸವನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಕಂಪನಿಯವರಿಗೆ ಎರಡು ರೇಟು ಹೇಳಿ. ನಿಮಗೆ ಬಿಡುವಿರುವ ತಿಂಗಳಲ್ಲಿ ಕೊಟ್ಟರೆ ಒಂದು, ಅವರಿಗೆ ಬೇಕಾದ ತಿಂಗಳಲ್ಲಿ ಕೊಟ್ಟರೆ ಇನ್ನೊಂದು. ಮಾಲಿನಷ್ಟಾದರೂ ಮುಂಗಡ ಕೇಳಿ. ಕೊಟೇಷನ್ನಿನ ಕೆಳಗೆ "ಈ ದರ 15 ದಿನಕ್ಕೆ ಮಾತ್ರ" ಅಂತ ಬರೆಯಿರಿ. ಬೆಲೆ ಏರುವ ಕಾಲದಲ್ಲಿ ದಿನಾಂಕವಿಲ್ಲದ ಕೊಟೇಷನ್ ಅಂದರೆ ಸಹಿ ಹಾಕಿದ ಖಾಲಿ ಚೆಕ್ಕು.

ಅವರು ಹಣ ಎಷ್ಟು ದಿನಕ್ಕೆ ಕೊಡುತ್ತಾರೆ ಅಂತ ನೀವು ಬರೆದಿಲ್ಲ. 60 ದಿನ ಅಂದುಕೊಂಡರೆ ಹೀಗಾಗುತ್ತದೆ: ಬಟ್ಟೆ ತಂದು ಹೊಲಿದು ಮುಗಿಸಲು 30 ದಿನ, ಹಣ ಬರಲು 60 ದಿನ. ಬಟ್ಟೆಯವರು ನಿಮಗೆ 15 ದಿನ ಉದ್ರಿ ಕೊಟ್ಟಿದ್ದರೂ 75 ದಿನ ನಿಮ್ಮ ಹಣ ಬೇರೆಯವರ ಹತ್ತಿರ ಕೂತಿರುತ್ತದೆ. ವ್ಯಾಪಾರ ಬೆಳೆದಷ್ಟೂ ಹೀಗೆ ಕೂರುವ ಹಣವೂ ಬೆಳೆಯುತ್ತದೆ. ವ್ಯಾಪಾರ ಜಾಸ್ತಿಯಾಗಿ ಗಲ್ಲಾ ಖಾಲಿಯಾಗುವುದಕ್ಕೆ ಇದೂ ಒಂದು ಕಾರಣ. ಬೇಗ ಕೊಟ್ಟರೆ ಶೇ 2 ಬಿಡುತ್ತೇನೆ ಅಂತ ಆಸೆ ತೋರಿಸುವವರಿದ್ದಾರೆ. 30 ದಿನದ ಬಾಕಿಯನ್ನು 10 ದಿನದಲ್ಲಿ ಕೊಟ್ಟರೆ ಶೇ 2 ರಿಯಾಯಿತಿ ಅನ್ನುವುದು ಸಣ್ಣದಾಗಿ ಕಾಣುತ್ತದೆ. ಆದರೆ 20 ದಿನಕ್ಕೆ ಶೇ 2 ಅಂದರೆ ವರ್ಷಕ್ಕೆ ಶೇ 37ರ ಬಡ್ಡಿ ಕೊಟ್ಟ ಹಾಗೆ. ನೀವು ಕೊಡಬೇಡಿ. ಬಟ್ಟೆಯವರು ನಿಮಗೆ ಕೊಟ್ಟರೆ, ಕೈಯಲ್ಲಿ ಹಣವಿದ್ದರೆ, ಬಿಡಬೇಡಿ.

ಜಿಪ್ ಕೆಲಸವನ್ನು ನೀವು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನಗೆ ಅದೇ ಬಂಗಾರದ ಹಾಗೆ ಕಾಣುತ್ತಿದೆ. ಜಿಪ್ ಬದಲಿಸಲು 15 ತಗೊಳ್ಳುತ್ತೀರಿ, ಜಿಪ್ಪು ದಾರ ಸೇರಿ ಖರ್ಚು 3, ಹಿಡಿಯುವ ಹೊತ್ತು ಕಾಲು ಗಂಟೆ ಅನ್ನೋಣ. ಉಳಿದದ್ದು 12. ಗಂಟೆಗೆ 48 ಆಯಿತು. ಹೊಸ ಬ್ಯಾಗಿನಲ್ಲಿ 2 ಗಂಟೆಗೆ 34, ಅಂದರೆ ಗಂಟೆಗೆ 17. ಕಂಪನಿ ಆರ್ಡರ್‌ನಲ್ಲಿ ಗಂಟೆಗೆ ಒಂಬತ್ತೂವರೆ. ನಿಮ್ಮ ಅಂಗಡಿ ತೆರೆದಿಡಲು ಗಂಟೆಗೆ ಆಗುವ ಖರ್ಚು 16.5. ಈ ನಾಲ್ಕು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದು ಮಷಿನ್ ಮೇಲಿನ ಗೋಡೆಗೆ ಅಂಟಿಸಿ. ಬ್ಯಾಗಿಗೆ ಎಷ್ಟು ಉಳಿಯಿತು ಅನ್ನುವುದಕ್ಕಿಂತ ಗಂಟೆಗೆ ಎಷ್ಟು ಉಳಿಯಿತು ಅನ್ನುವುದೇ ನಿಮ್ಮಂಥವರಿಗೆ ಮುಖ್ಯ. ಯಾಕೆಂದರೆ ನಿಮ್ಮಲ್ಲಿ ಕಡಿಮೆ ಇರುವುದು ಬಟ್ಟೆಯಲ್ಲ, ಗಿರಾಕಿಯೂ ಅಲ್ಲ. ಗಂಟೆ.

ಹಾಗಂತ ದಿನವೆಲ್ಲ ಜಿಪ್ ಹಾಕುತ್ತಾ ಕೂರಲು ಅಷ್ಟು ಜಿಪ್ ಹರಿಯಬೇಕಲ್ಲ. ಅದಕ್ಕೊಂದು ಮಿತಿ ಇದೆ. ಆದರೆ ಜೀವನದ ಖರ್ಚು ಏರಿದಾಗ ಜನ ಹೊಸದು ಕೊಳ್ಳುವುದನ್ನು ಮುಂದೂಡಿ ಹಳೇದನ್ನೇ ಸರಿ ಮಾಡಿಸುತ್ತಾರೆ. ನಿಮ್ಮ ಗಿರಾಕಿಗಳ ಕಷ್ಟ ನಿಮಗೆ ಕೆಲಸ ತರುವುದು ಅಲ್ಲೇ. ರಿಪೇರಿ ಅನ್ನುವುದನ್ನು ಮೂಲೆಯಲ್ಲಿಡದೆ ಬೋರ್ಡಿನಲ್ಲಿ ಬರೆಯಿರಿ: ಜಿಪ್, ಬಕಲ್, ಪಟ್ಟಿ, ಹರಿದ ತಳ, ಇದಿದಕ್ಕೆ ಇಷ್ಟಿಷ್ಟು. "ಬಿಡಿ, ಒಂದು ಹೊಲಿಗೆ ತಾನೇ" ಅಂತ ಬಿಟ್ಟಿ ಮಾಡಿಕೊಡುವ ಅಭ್ಯಾಸ ನಿಮಗಿದ್ದರೆ ಅದಕ್ಕೂ ಒಂದು ಕನಿಷ್ಠ ದರ ಇಡಿ. ತೀರಾ ಹಳೇ ಗಿರಾಕಿಗೆ ಬಿಟ್ಟರೆ ಬಿಡಿ, ಆದರೆ ಬಿಲ್ಲಿನಲ್ಲಿ ಬರೆದು ಹೊಡೆದುಹಾಕಿ. ಏನು ಬಿಟ್ಟಿರಿ ಅನ್ನುವುದು ಅವರಿಗೂ ಕಾಣಲಿ, ನಿಮಗೂ ಕಾಣಲಿ.

ನಾನು ಲೆಕ್ಕ ನೋಡುವ ಕೆಲಸಕ್ಕೆ ಬರುವ ಮೊದಲು ಆರು ವರ್ಷ ಪುಸ್ತಕ ಬೈಂಡಿಂಗ್ ಅಂಗಡಿ ಇಟ್ಟಿದ್ದೆ. ಒಮ್ಮೆ ರಟ್ಟಿನ ಬೆಲೆ ಏಕಾಏಕಿ ಏರಿತು. ನನ್ನ ಹತ್ತಿರ ಗೋಡೆಯುದ್ದ ಹಳೇ ಸ್ಟಾಕ್ ಇತ್ತು. ಹಳೇ ಬೆಲೆಗೆ ತಂದ ರಟ್ಟು, ಹಳೇ ರೇಟಿಗೇ ಕೊಡೋಣ, ಅದೇ ನ್ಯಾಯ ಅಂದುಕೊಂಡೆ. ಅಕ್ಕಪಕ್ಕದವರೆಲ್ಲ ಏರಿಸಿದ್ದರು. ಕೆಲಸ ನನ್ನ ಅಂಗಡಿಗೆ ನುಗ್ಗಿತು. ಎರಡು ತಿಂಗಳು ರಾತ್ರಿ ಹನ್ನೊಂದರವರೆಗೆ ಅಂಟು ಬಳಿದೆವು. ಸ್ಟಾಕ್ ಮುಗಿದ ದಿನ ಗಲ್ಲಾ ಎಣಿಸಿದರೆ, ಅದೇ ಗೋಡೆಯ ಅರ್ಧ ತುಂಬುವಷ್ಟು ರಟ್ಟಿಗೂ ಹಣ ಸಾಲದು. ಲೆಕ್ಕದ ಪುಸ್ತಕದಲ್ಲಿ ಲಾಭ ಇತ್ತು, ಗೋಡೆ ಖಾಲಿ ಇತ್ತು. ಅವತ್ತಿನಿಂದ ನನ್ನ ಪದ್ಧತಿ ಒಂದೇ: ತಂದ ಬೆಲೆ ನೋಡಿ ರೇಟು ಹಾಕುವುದಿಲ್ಲ, ಮತ್ತೆ ತರಬೇಕಾದ ಬೆಲೆ ನೋಡಿ ಹಾಕುತ್ತೇನೆ. 60ಕ್ಕೆ ತಂದ ಮಾಲು ಈಗ 75 ಆಗಿದ್ದರೆ, 100ಕ್ಕೆ ಮಾರಿದಾಗ 40 ಉಳಿಯಿತು ಅನ್ನಬೇಡಿ. ಅದರಲ್ಲಿ 15 ಮುಂದಿನ ಮಾಲಿನದು. ಅದನ್ನು ಮನೆಗೆ ಒಯ್ದರೆ ಅಂಗಡಿಯನ್ನೇ ತುಂಡು ತುಂಡಾಗಿ ಮನೆಗೆ ಒಯ್ದ ಹಾಗೆ.

ರೇಟು ಹಾಕುವಾಗ ಇನ್ನೊಂದು ಕಡೆ ಜನ ಎಡವುತ್ತಾರೆ. ಶೇ 40 ಮಾರ್ಜಿನ್ ಬೇಕು ಅಂತ 60ರ ಮೇಲೆ ಶೇ 40 ಕೂಡಿಸುತ್ತಾರೆ. ಬರುವುದು 84. ಅದರಲ್ಲಿ ನಿಮಗೆ ಉಳಿಯುವುದು 24, ಅಂದರೆ ಮಾರಿದ ಬೆಲೆಯ ಶೇ 29 ಕೂಡ ಇಲ್ಲ. ಮಾರಿದ ಬೆಲೆಯಲ್ಲಿ ಶೇ 40 ಉಳಿಯಬೇಕಾದರೆ 60ನ್ನು 0.6ರಿಂದ ಭಾಗಿಸಬೇಕು. ಆಗ 100. ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದು ಗುಂಡಿಯ ವ್ಯತ್ಯಾಸ.

ಹಣದುಬ್ಬರ ಇಳಿಯುತ್ತಂತೆ, ಕಾಯೋಣ ಅಂತ ಮನಸ್ಸು ಹೇಳುತ್ತದೆ. ಕಾಯಬೇಡಿ. ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಇತ್ತು. ಒಂದು ವರ್ಷದ ನಂತರ ಶೇ 3ಕ್ಕೆ ಬಂತು. ಬೆಲೆಗಳು ಹಳೇ ಜಾಗಕ್ಕೆ ಬಂದವೇ? ಇಲ್ಲ. ಏರುವ ವೇಗ ತಗ್ಗಿತು, ಅಷ್ಟೆ. ಗಾಡಿ ನಿಧಾನವಾಯಿತು ಅಂದ ಮಾತ್ರಕ್ಕೆ ಹಿಂದಕ್ಕೆ ಬರುತ್ತಿದೆ ಅಂತಲ್ಲ. ಪೇಪರಿನಲ್ಲಿ ಬರುವ ಅಂಕಿಯೂ ಎಲ್ಲರ ಸರಾಸರಿ. ನಿಮ್ಮದು ನಿಮಗೇ ಬೇಕು. ನೀವು ಪದೇಪದೇ ತರುವ ಹತ್ತು ಸಾಮಾನಿನ ಬೆಲೆಯನ್ನು ಪ್ರತಿ ತಿಂಗಳ ಮೊದಲ ದಿನ ಒಂದೇ ಹಾಳೆಯಲ್ಲಿ ಬರೆಯಿರಿ. ಮೂರು ತಿಂಗಳಲ್ಲಿ ಯಾವುದು ಓಡುತ್ತಿದೆ, ಯಾವುದು ನಿಂತಿದೆ ಕಾಣುತ್ತದೆ.

ಏರಿಸುವುದು ಹೇಗೆ? ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಬೇಡ. ನಿಮ್ಮ ಗಿರಾಕಿಗೆ ಬಾಯಿಪಾಠ ಇರುವುದು ಒಂದೆರಡು ಬ್ಯಾಗಿನ ರೇಟು ಮಾತ್ರ, ಜಾಸ್ತಿ ಹೋಗುವ ಸಾದಾ ಬ್ಯಾಗಿನದು. ಅದನ್ನು ಸ್ವಲ್ಪ ಏರಿಸಿ. ಒಳಜೇಬು ಜಾಸ್ತಿ ಇರುವುದು, ಅಳತೆ ಕೊಟ್ಟು ಮಾಡಿಸುವುದು, ಅರ್ಜೆಂಟ್ ಕೆಲಸ, ಇವುಗಳ ರೇಟು ಯಾರಿಗೂ ನೆನಪಿರುವುದಿಲ್ಲ, ಹೊತ್ತೂ ಇವೇ ತಿನ್ನುವುದು. ಅಲ್ಲಿ ಗಟ್ಟಿಯಾಗಿ ಏರಿಸಿ. ಒಂದು ತಾರೀಖು ಹೇಳಿ, ಅದಕ್ಕಿಂತ ಮೊದಲು ಒಪ್ಪಿಕೊಂಡ ಕೆಲಸಕ್ಕೆ ಹಳೇ ರೇಟನ್ನೇ ತಗೊಳ್ಳಿ. ಗೋಡೆಗೆ ಉದ್ದನೆಯ ಕ್ಷಮಾಪಣೆ ಪತ್ರ ಅಂಟಿಸಬೇಡಿ. "ಈ ತಾರೀಖಿನಿಂದ ಹೊಸ ದರ" ಸಾಕು. ಕೇಳಿದವರಿಗೆ ಬಾಯಲ್ಲಿ ಕಾರಣ ಹೇಳಿ. ಮೂರು ವರ್ಷಕ್ಕೊಮ್ಮೆ ದೊಡ್ಡ ಏಟು ಕೊಡುವ ಬದಲು ಇನ್ನು ಮೇಲೆ ವರ್ಷಕ್ಕೊಮ್ಮೆ ಸಣ್ಣದಾಗಿ ಏರಿಸಿ.

ನಿಜಕ್ಕೂ ಕೊಡಲಾಗದ ಗಿರಾಕಿ ಇದ್ದಾರೆ ಅಂದಿರಿ. ಅವರಿಗಾಗಿ ಸರಳವಾದ ಒಂದು ಬ್ಯಾಗು ಮಾಡಿ. ಒಂದೇ ಜಿಪ್, ಲೈನಿಂಗ್ ಇಲ್ಲ, ಒಂದು ಗಂಟೆಯಲ್ಲಿ ಮುಗಿಯುವಂಥದ್ದು. ರೇಟೂ ಕಡಿಮೆ. ಆದರೆ ಈಗಿರುವ ಬ್ಯಾಗಿಗೇ ಗೊತ್ತಾಗದ ಹಾಗೆ ತೆಳು ಬಟ್ಟೆ ಹಾಕುವ ಕೆಲಸ ಮಾತ್ರ ಬೇಡ. ಪೊಟ್ಟಣ ಸಣ್ಣದು ಮಾಡಿ ಬೆಲೆ ಹಾಗೇ ಇಡುವ ಚಾಳಿ ಎಷ್ಟಾಯಿತೆಂದರೆ, ಫ್ರಾನ್ಸ್ 2024ರ ಜುಲೈನಿಂದ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಅಂಥ ಸಾಮಾನಿನ ಹತ್ತಿರ ಫಲಕ ಹಾಕಬೇಕು ಅಂತ ನಿಯಮ ತಂದಿತು. ದೊಡ್ಡವರು ಸಿಕ್ಕಿಬಿದ್ದರೆ ಜಾಹೀರಾತು ಕೊಟ್ಟು ಸುಧಾರಿಸಿಕೊಳ್ಳುತ್ತಾರೆ. ನಿಮ್ಮ ಬ್ಯಾಗಿನ ಪಟ್ಟಿ ರಸ್ತೆ ಮಧ್ಯೆ ಕಿತ್ತು ಬಂದರೆ ಅದು ಬಾಯಿಂದ ಬಾಯಿಗೆ ಹೋಗುತ್ತದೆ.

ಉಳಿತಾಯ ಮಾಡಬೇಕಾದ ಜಾಗ ಕತ್ತರಿಸುವ ಮೇಜು. ಬಟ್ಟೆ ಹಾಸಿ ಮೊದಲು ದೊಡ್ಡ ತುಂಡುಗಳನ್ನು ಗುರುತು ಹಾಕಿ ಕತ್ತರಿಸಿಬಿಟ್ಟರೆ, ಜೇಬು ಮತ್ತು ಹಿಡಿಕೆಗೆ ಮತ್ತೆ ಹೊಸ ಬಟ್ಟೆ ಬಿಚ್ಚಬೇಕಾಗುತ್ತದೆ. ನಾಲ್ಕು ಬ್ಯಾಗಿನ ಎಲ್ಲ ತುಂಡುಗಳನ್ನೂ ರಟ್ಟಿನಲ್ಲಿ ಮಾಡಿಕೊಂಡು, ಒಂದಕ್ಕೊಂದು ಒತ್ತಿ ಜೋಡಿಸಿ, ಮಧ್ಯದ ಸಂದಿಯಲ್ಲಿ ಹಿಡಿಕೆ ಕೂರಿಸಿ ನೋಡಿ. ಸರಿ ಕೂತ ಮೇಲೆ ಫೋಟೋ ತೆಗೆದು ಅದನ್ನೇ ಅನುಸರಿಸಿ. ಬ್ಯಾಗಿಗೆ 2 ಉಳಿದರೆ ಏನು ಮಹಾ ಅನ್ನಬೇಡಿ. ಬ್ಯಾಗಿಗೆ 1 ಇದ್ದ ಲಾಭ 3 ಆಯಿತು. ನನ್ನ ಅಂಗಡಿಯಲ್ಲಿ ಇಂಥದ್ದನ್ನು ಮೊದಲು ಕಂಡುಹಿಡಿದದ್ದು ನಾನಲ್ಲ, ರಟ್ಟು ಕತ್ತರಿಸುವ ಹುಡುಗ.

ಹುಡುಗ ಅಂದಾಗ ನೆನಪಾಯಿತು. ನಿಮ್ಮ ಕೆಲಸಗಾರರಿಬ್ಬರಿಗೂ ಇದೇ ಬೆಲೆ ಏರಿಕೆ ತಟ್ಟಿದೆ. ಸಂಬಳ ತಡೆಹಿಡಿದು ಲಾಭ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕೈ ಪಳಗಿದವರೊಬ್ಬರು ಹೋದರೆ ಹೊಸಬರು ಅದೇ ಬ್ಯಾಗಿಗೆ ಮೂರು ಗಂಟೆ ತಗೊಳ್ಳುತ್ತಾರೆ, ಅರ್ಧ ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತದೆ. ಲೆಕ್ಕ ಮುಚ್ಚಿಡದೆ ಅವರಿಗೂ ತೋರಿಸಿ. ರೇಟು ಏರಿಸಿದ ತಿಂಗಳೇ ಅವರ ಸಂಬಳಕ್ಕೂ ಸ್ವಲ್ಪ ಸೇರಿಸಿ.

ಈಗ ಮಷಿನ್. ಸಾಲ ಮಾಡುವ ಮೊದಲು ಒಂದು ವಾರ ಸುಮ್ನೆ ಗಮನಿಸಿ. ಕತ್ತರಿಸಿದ ತುಂಡುಗಳು ಮಷಿನ್ ಪಕ್ಕ ರಾಶಿ ಬಿದ್ದು ಕಾಯುತ್ತಿವೆಯಾ, ಅಥವಾ ಮಷಿನ್ ಮುಂದೆ ಕೂತವರು ತುಂಡುಗಳಿಗಾಗಿ ಕಾಯುತ್ತಿದ್ದಾರಾ? ರಾಶಿ ಬೀಳುತ್ತಿದ್ದರೆ, ಹೊಲಿಯಲು ಇನ್ನೊಂದು ಕೈಯೂ ಇದ್ದರೆ, ಮಷಿನ್ ವಿಚಾರ ಮಾಡಬಹುದು. ಆಗಲೂ ಅದರ ತಿಂಗಳ ಕಂತನ್ನು 34ರಿಂದ ಭಾಗಿಸಿ ಎಷ್ಟು ಹೆಚ್ಚುವರಿ ಬ್ಯಾಗು ಮಾರಬೇಕು ಅಂತ ನೋಡಿ. ಹೊಸ ಕೈಗೆ ಸಂಬಳ ಕೊಡಬೇಕಾದರೆ ಅದನ್ನೂ ಕಂತಿಗೆ ಸೇರಿಸಿಯೇ ಭಾಗಿಸಿ. ಮಷಿನ್ ಮುಂದೆ ಕೂತವರೇ ಕಾಯುತ್ತಿದ್ದರೆ ನಿಮಗೆ ಬೇಕಿರುವುದು ಮಷಿನ್ ಅಲ್ಲ, ಕತ್ತರಿಸಲು ಇನ್ನೂ ಉದ್ದದ ಒಂದು ಮೇಜು.